ತೂಕದ ಚೀಟಿ

ರಾಸ್ ಅಲ್ ಖೈಮಾದ ಉತ್ತರಕ್ಕೆ, ಖೋರ್ ಖ್ವೈರ್ ದಾಟಿದ ಮೇಲೆ
ಗುಡ್ಡ ಮಾರುವ ಅಂಗಡಿಯಲ್ಲಿ ನಾನು ತಕ್ಕಡಿ.
ಗಾಜಿನ ಗೂಡು, ಒಂದು ಕಂಪ್ಯೂಟರು, ಸೀಲು.
ಲಾರಿ ಬಂದು ಕಟ್ಟೆಯ ಮೇಲೆ ನಿಲ್ಲುತ್ತದೆ,
ಕೆಂಪು ಅಂಕಿಗಳು ಓಡಿ ಓಡಿ ಸುಸ್ತಾಗುತ್ತವೆ:
ನಲವತ್ತೆರಡು ಟನ್ನು ಮುನ್ನೂರು ಕಿಲೋ.
ಸ್ವಾತ್ ಕಡೆಯ ಜರೀಫ್ ಖಾನ್ ಚೀಟಿಯನ್ನು ಟೋಪಿಗೆ ಸಿಕ್ಕಿಸಿಕೊಂಡು
ಹಡಗುಕಟ್ಟೆಗೆ ಹೊರಡುತ್ತಾನೆ.
ಅಲ್ಲಿಂದ ಗುಡ್ಡ ಕುವೈತಿಗೆ, ಸಮುದ್ರದ ಹೊಟ್ಟೆ ತುಂಬಿಸಲು.

ಹನ್ನೊಂದು ವರ್ಷ.
ನಾನು ಬಂದ ಹೊಸದರಲ್ಲಿ ಇಲ್ಲಿ ಸೂರ್ಯ
ಅರ್ಧ ಗಳಿಗೆ ತಡವಾಗಿ ಹುಟ್ಟುತ್ತಿದ್ದ.
ಅಡ್ಡ ನಿಂತಿದ್ದ ಶಿಖರವನ್ನು ತೂಗಿ ಕಳಿಸಿಯಾಯಿತು.

ಅಡುಗೆಯ ದರಬಾನ್ ಸಿಂಗ್ ಬಂದದ್ದು ಈ ಮಾಘದಲ್ಲಿ.
ಮೊದಲ ರಾತ್ರಿ ತಟ್ಟೆಗೆ ದಾಲ್ ಸುರಿಯುತ್ತ
ಮುಖ ನೋಡದೆ ಕೇಳಿದ:
‘ಸಾಕಾ?’

ಹಿಂದೆ ಸಾಲಿನಲ್ಲಿ ಮೂವತ್ತು ಜನ. ನಾನು ಸರಿಯಲಿಲ್ಲ.
ಅಕ್ಕನ ಜೊತೆ ಫೋನಿನಲ್ಲಿ ನಾನು ಜಗಳಾಡಿದ್ದು
ಅವನಿಗೆ ಕೇಳಿಸಿತ್ತಂತೆ.
ಅವನ ಊರು ಊಖೀಮಠ,
ಹಿಮ ಬಿದ್ದಾಗ ಕೇದಾರದ ದೇವರು ಪಲ್ಲಕ್ಕಿಯಲ್ಲಿ ಇಳಿದು
ಆರು ತಿಂಗಳು ತಂಗುವ ಊರು.
‘ಪೂಜೆಗೆ ತಲೆತಲಾಂತರದಿಂದ ನಿಮ್ಮ ಕಡೆಯ ಜಂಗಮರು,
ಅವರ ಅಡುಗೆಮನೆಗೆ ಹಾಲು ಹಾಕುತ್ತಿದ್ದೆ’ ಅಂದ.
ಹಾಲಿಗೆ ಬದಲು ಸಿಕ್ಕ ಮಾತು: ಬಾ, ಕೂಡು, ಬೇಕು, ಸಾಕು,
ಮತ್ತೊಂದು ಬೈಗುಳ. ಅದನ್ನು ನನಗಿಂತ ಶುದ್ಧವಾಗಿ ಬೈದ.

ನಾನು ಇಳಕಲ್ಲಿನವನು. ಕೇದಾರ ಕಂಡದ್ದು
ಗ್ರಾನೈಟ್ ಅಂಗಡಿಯವರು ಹಂಚಿದ ಕ್ಯಾಲೆಂಡರಿನಲ್ಲಿ,
ಅದೂ ಎರಡು ಪುಟ ಹರಿದ ಮೇಲೆ.

ಶುಕ್ರವಾರ ಕಂಟೇನರಿನ ನೆರಳಲ್ಲಿ ಈರುಳ್ಳಿ ಸುಲಿಯುತ್ತ
ಅವನು ಯಾತ್ರೆ ಹೊರಡುತ್ತಾನೆ, ಹಿಂದೆ ನಾನು.
ಗೌರಿಕುಂಡ. ಬಿಸಿನೀರಿನಲ್ಲಿ ಕೈ ಅದ್ದು.
ಎಡಕ್ಕೆ ಸರಿ, ಹೇಸರಗತ್ತೆ ಬರುತ್ತಿದೆ.
ಜಂಗಲಚಟ್ಟಿ. ಭೀಮಬಲಿಯಲ್ಲಿ ಚಹಾ, ಶುಂಠಿ ಜಾಸ್ತಿ.
ರಾಮಬಾಡಾ,
ಎಂದವನೇ ಈರುಳ್ಳಿ ಕೆಳಗಿಟ್ಟ.
ಅದೀಗ ಇಲ್ಲ. ಊರಿದ್ದಲ್ಲಿ ಹೊಳೆ.
ಆ ಜೂನಿನ ನೀರಿಗೆ ಅವನದು
ಎರಡು ಹೇಸರಗತ್ತೆ, ಒಬ್ಬ ತಮ್ಮ.
ಹೇಸರಗತ್ತೆಗಳ ಹೆಸರು ಹೇಳಿದ: ಬಿಜುಲಿ, ಕಾಂಛಿ.
ತಮ್ಮನದು ಹೇಳಲಿಲ್ಲ.

ಗುಡಿಯ ಬೆನ್ನಿಗೆ ಬಂದು ನಿಂತ ಬಂಡೆಯ ಮಾತು ಬಂತು.
ನೀರು ಸೀಳಿಹೋಯಿತು, ಗುಡಿ ಉಳಿಯಿತು.
‘ಎಷ್ಟು ಟನ್ ಇದ್ದೀತು?’
ಕೇಳಬಾರದಿತ್ತು. ಹನ್ನೊಂದು ವರ್ಷದ ರೂಢಿ.
ಅವನು ಸಿಟ್ಟಾಗದೆ ಎದ್ದು ಮರಳಿನ ಮೇಲೆ ಹೆಜ್ಜೆ ಹಾಕಿ ಅಳೆದ:
ಇಲ್ಲಿಂದ ನೀರಿನ ಟ್ಯಾಂಕಿನವರೆಗೆ ಉದ್ದ,
ಎತ್ತರ ದೀಪದ ಕಂಬದ ಅರ್ಧ.
ಬೆರಳು ಮಡಿಸಿ ಗುಣಿಸಿದೆ. ಆರು ಲಾರಿ.
ನಮ್ಮ ಕ್ರಷರಿಗೆ ಒಂದು ಮಧ್ಯಾಹ್ನದ ಕೆಲಸ.
ಇದನ್ನು ಅವನಿಗೆ ಹೇಳಲಿಲ್ಲ.

ನಾಲ್ಕಕ್ಕೆ ಸೈರನ್ನು. ಮದ್ದು ಸಿಡಿದು ಗುಡ್ಡ
ಒಂದು ಕ್ಷಣ ನಿಂತೇ ಇರುತ್ತದೆ, ಸುದ್ದಿ ತಿಳಿಯದವರಂತೆ.
ಆಮೇಲೆ ಬೀಳುತ್ತದೆ.
ದರಬಾನ್ ಹಿಟ್ಟಿನ ಕೈಯಲ್ಲೇ ಹೊರಬಂದು
ಹಣೆ ಮುಟ್ಟಿಕೊಳ್ಳುತ್ತಾನೆ, ಹಣೆ ಬೆಳ್ಳಗಾಗುತ್ತದೆ.
ಬೇಲಿಯಾಚೆ ಶಿಹ್ಹಿ ಮುದುಕನೊಬ್ಬ, ಹೆಗಲ ಮೇಲೆ ಪುಟ್ಟ ಕೊಡಲಿ,
ಮೇಲಿನ ಕಲ್ಲುಮನೆಗಳಲ್ಲಿ ಹುಟ್ಟಿದವನು,
ಏನನ್ನೋ ಪಿಸುಗುಡುತ್ತಾನೆ.
ಶಾಪವಿರಬಹುದು ಎಂದುಕೊಂಡಿದ್ದೆ.
ಬಿದ್ದ ಏಣಿನ ಹೆಸರಂತೆ ಅದು, ಜರೀಫ್ ಹೇಳಿದ.

ಬಲಿಪಾಡ್ಯದ ಮರುದಿನ, ಸಂಜೆ.
‘ಇವತ್ತು ಬಾಗಿಲು ಹಾಕಿದರು’ ಅಂದ ದರಬಾನ್,
‘ಪಲ್ಲಕ್ಕಿ ಹೊರಟಿರುತ್ತದೆ.’
ಚಪ್ಪಲಿ ಬಿಟ್ಟು ಖಾಲಿ ಕಟ್ಟೆಯ ಮೇಲೆ ಹೋಗಿ ನಿಂತ,
ಸಮುದ್ರಕ್ಕೆ ಬೆನ್ನು ಮಾಡಿ.
ಅರವತ್ತು ಕಿಲೋ ಎಂದಿತು ಯಂತ್ರ.
ಮಾಲು ಯಾವುದು ಎಂದಿತು. ಹೇಗೋ ದಾಟಿಸಿದೆ.
ಎಲ್ಲಿಗೆ ಎಂಬುದನ್ನು ಖಾಲಿ ಬಿಟ್ಟರೆ ಮಾತ್ರ ಚೀಟಿ ಬರುವುದಿಲ್ಲ.
ಒಂದೊಂದೇ ಅಕ್ಷರ ಒತ್ತಿದೆ: ಊಖೀಮಠ.
ತೆಗೆದುಕೊಂಡಿತು.

‘ಸಾಕಾ?’ ಎಂದು ಕಿಟಕಿಯಿಂದ ಕೂಗಿದೆ.
ಇಳಿಯಲಿಲ್ಲ ಅವನು.
ಹಿಂದೆ ಜರೀಫನ ಲಾರಿ,
ಹಾರನ್ನಿನ ಮೇಲೆ ಕೈಯಿಟ್ಟವನು ಯಾಕೋ ಒತ್ತಲಿಲ್ಲ.