ಫರಸಿ ಮ್ಯಾಲಿನ ಬಾಣ

ಕಲ್ಲೂರಗಿ ಅಂದ್ರ ಇನ್ನೂರಾ ಹನ್ನೆರಡು ಮನಿ.
ಹಳ್ಳ ದಾಟಿದ್ರ ಲೋಕು ನಾಯಕ ತಾಂಡಾ, ಅರವತ್ನಾಕು.
ಗುಡ್ಡದ ಬೆನ್ನಿಗೆ ಬಂಡ್ಯಾಳವಾಡಿ, ಮೂವತ್ತೊಂದು,
ಅದರಾಗ ಎರಡಕ್ಕ ಕೀಲಿ.
ಹೆಗಲಿಗೆ ಬರಫಿನ ಡಬ್ಬಿ, ಕೈಯಾಗ ಬಿಳಿ ಖಡು,
ಎರಡೆರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ,
ಬಾಗಲ ಚೌಕಟ್ಟಿಗೆ ನಂಬರ, ತಾರೀಖು, ಒಂದು ಬಾಣ:
ಮುಂದಿನ ಮನಿ ಆ ಕಡಿ.

ಕಲ್ಲೂರಗಿಯವರು ತಾಂಡಾಕ್ಕ ಆಚಿಕಡಿ ಅಂತಾರ.
ತಾಂಡಾದ ಘಮ್ಲಿಬಾಯಿ ಕೇಳ್ತಾಳ,
"ಆಚಿಕಡಿ ಮುಗಿಸಿ ಬಂದ್ಯೇನು, ಬಾಯಿ?"
ನಡು ಹಳ್ಳದಾಗ ಚಪ್ಪಲಿ ಕೈಯಾಗ ಹಿಡಕೊಂಡು ನಿಂತಾಗ
ನಾ ಯಾ ಕಡಿಯಾಕಿ ಅಂತ ಕೇಳಿದವರಿಲ್ಲ.
ನೀರು ತಣ್ಣಗಿತ್ತು.

ವಾಡಿಯ ಖಾಸಿಂಬಿ ಸಜ್ಜಿ ರೊಟ್ಟಿ ಕೊಟ್ಟಳು, ಮ್ಯಾಲ ಶೇಂಗಾ ಹಿಂಡಿ.
ಅಕಿ ಎಮ್ಮಿ ತಾಂಡಾದ ತೊಗರಿ ಮೇದು
ಕಲ್ಲೂರಗಿ ಕೊಂಡವಾಡದಾಗ ಮೂರು ದಿನ ನಿಂತಿತ್ತಂತ.
"ಎಮ್ಮಿಗೆ ಊರು ಗೊತ್ತಾಗಂಗಿಲ್ಲ ತಾಯಿ,
ಹಸರು ಗೊತ್ತಾಗ್ತದ."
ದಂಡ ಕಟ್ಟಿದ ಚೀಟಿ ಇನ್ನಾ ಸೆರಗಿನ ಗಂಟಿನಾಗ.

ಖಣಿ ದಂಡಿಗೆ ಒಂದು ತಾಡಪತ್ರಿ ಗುಡಸಲಾ.
ಪಟ್ಟಿಯಾಗ ಇಲ್ಲ.
ಊರಿನವರು ಅದು ತಾಂಡಾದ್ದು ಅಂದ್ರು,
ತಾಂಡಾದವರು ವಾಡಿ ಕಡಿ ಕೈ ತೋರಿಸಿದ್ರು,
ವಾಡಿಯವರಿಗೆ ಅಲ್ಲಿ ಯಾರರೆ ಇದ್ದಾರ ಅನ್ನೂದೇ ಹೊಸಾದು.
ಒಳಗ ಚಂದಮ್ಮ, ಉಳಿ ಹಿಡಿದು ಒರಟಾದ ಕೈ,
ತೊಡಿ ಮ್ಯಾಲ ಎಂಟು ತಿಂಗಳ ಕೂಸು,
ಮೈತುಂಬ ಕಲ್ಲಿನ ಹಿಟ್ಟು.
ಎರಡನೇ ಹನಿ ಉಗುಳಿತು. ಮತ್ತ ಹಾಕಿದೆ.
ಹೆಸರು ಕೇಳಿದ್ರ, "ಇನ್ನಾ ಇಟ್ಟಿಲ್ರಿ.
ಊರಿಗೆ ಹೋದ ಮ್ಯಾಲ."
ಯಾ ಊರಿಗೆ ಅಂತ ಕೇಳಬೇಕಂದೆ,
ಡಬ್ಬ್ಯಾಗ ಬರಫ ಕರಗಲಿಕ್ಕತ್ತಿತ್ತು.

ತಾಡಪತ್ರಿಗೆ ಖಡು ಹತ್ತಲಿಲ್ಲ.
ಗೂಟಕ್ಕ ಆನಿಸಿದ ಒಂದು ಫರಸಿ ಇತ್ತು,
ನೀಲಿ, ಈಗಷ್ಟೇ ಎಬ್ಬಿಸಿದ್ದು. ಅದರ ಮ್ಯಾಲ ಬರದೆ:
ನಂಬರ ಇಲ್ಲದ್ದಕ್ಕ ಸೊನ್ನಿ, ತಾರೀಖು.
ಬಾಣ ಯಾ ಕಡಿ ಹಾಕಲಿ?
ಚಂದಮ್ಮ ನನ್ನ ಕೈ ನೋಡಕೋತ ನಿಂತಿದ್ಲು.
ಹಾಕಿದೆ, ಒಂದು ಕಡಿ.

ಮುಂದಿನ ಸುತ್ತಿಗೆ ಹೋದ್ರ
ಗೂಟ ಇತ್ತು, ಒಲಿ ಬೂದಿ ಇತ್ತು.
ಫರಸಿ ಲಾರಿ ಹತ್ತಿತ್ತು.
ಈಗ ಯಾರದೋ ಪಡಸಾಲಿಯಾಗ
ಸಿಮೆಂಟಿಗೆ ಮಾರಿ ಹಚ್ಚಿ ಮಲಗಿದ್ದೀತು.
ಮ್ಯಾಲ ಯಾರೋ ಚಾ ಕುಡಿತಿದ್ದಾರು,
ಕೆಳಗ ನನ್ನ ಬಾಣ ತೋರಸ್ತಿರಬೇಕು
ಮುಂದಿನ ಮನಿ.