ಅರ್ಧ ಅಂಕ

ಕೈಲ್ ಮುಹೂರ್ತದ ಕಡಬು ಅರಗುವ ಮೊದಲೇ
ಸಿದ್ದಾಪುರದ ಅಂಚೆ ಕಚೇರಿಗೆ ಬರುತ್ತವೆ
ನಮ್ಮ ಬಟವಾಡೆಯ ನಾಲ್ಕು ಶಾಲೆಗಳಿಗೆ ನಾಲ್ಕು ಕಂದು ಲಕೋಟೆ.
ಬ್ಯಾಂಡ್ ಸ್ಪರ್ಧೆಯ ತಾರೀಖು
ಹೆಡ್‌ಮಾಸ್ತರಿಗಿಂತ ಮೊದಲು ತಿಳಿಯುವುದು ನನಗೆ.
ತೆರೆಯುವುದಿಲ್ಲ, ಆಣೆ.
ಬೆಳಕಿಗೆ ಹಿಡಿಯುತ್ತೇನೆ, ಅಷ್ಟೆ.

ಉಳಿದಿರುವ ರಜೆ ಐದು. ಸ್ಪರ್ಧೆಯೂ ಐದು.
ಮದುವೆಯವರು, ಸತ್ತವರು, ಜ್ವರ ಬಂದವರು
ದಯವಿಟ್ಟು ಹುತ್ತರಿ ಕಳೆಯುವ ತನಕ ತಡೆದುಕೊಳ್ಳಿ.

ಗೋಣಿಕೊಪ್ಪದಲ್ಲಿ ಹೊಸ ಬೂಟು, ಹೊಸ ಬೊಬ್ಬೆ.
ಟೋಪಿಯ ಗರಿ ಯಾರದೋ ಮನೆಯ ಹುಂಜದ್ದು.
ಮಕ್ಕಳು ಎಡ ಬಲ ಮರೆತಾಗಲೆಲ್ಲ
ಬ್ಯಾಂಡ್ ಮಾಸ್ತರ್ ಹವಾಲ್ದಾರ್ ಬೆಳ್ಯಪ್ಪ
ತನ್ನ ಎಡಗಾಲನ್ನೇ ನೆಲಕ್ಕೆ ಕುಟ್ಟಿ ಶಿಕ್ಷಿಸುತ್ತಾನೆ.
ನನ್ನ ನೋಟುಬುಕ್ಕಿನಲ್ಲಿ: ಸಾಲು ಆರು, ತಾಳ ಏಳು,
ತುತ್ತೂರಿ, ಇಗ್ಗುತಪ್ಪ ಕ್ಷಮಿಸಲಿ, ಮೂರು.

ಕುಶಾಲನಗರದ ಬಿಸಿಲಲ್ಲಿ ಮುತ್ತ.
ಪಾಲಿಬೆಟ್ಟದ ಲೈನ್‌ಮನೆಯ ಹುಡುಗ,
ದೊಡ್ಡ ಡ್ರಮ್ಮಿನ ಹಿಂದೆ ಮುಖವೇ ಕಾಣದು;
ಡ್ರಮ್ಮಿಗೇ ಎರಡು ಕಾಲು ಮೊಳೆತು
ಅಂಗಡಿಗೆ ಹೊರಟ ಹಾಗಿತ್ತು.

ಅಜ್ಜ ದುಡಿ ಬಾರಿಸುವ ಮುನ್ನ
ಒಲೆಯ ಬದಿಗಿಟ್ಟು ತೊಗಲು ಕಾಯಿಸುತ್ತಿದ್ದ.
ಅದು ಕಾದರೆ ಕೈ ತಾನೇ ಕಾಯುತ್ತದೆ, ಎನ್ನುತ್ತಿದ್ದ.
ಇವಕ್ಕೆ ಪ್ಲಾಸ್ಟಿಕ್ ಹಾಳೆ. ಕಾಯಿಸಿದರೆ ಸುಕ್ಕಾಗುತ್ತದೆ.
ಆದರೂ ಆ ಮೊದಲ ಪೆಟ್ಟಿಗೆ
ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಊದುತ್ತಾರೆ.

ಸೋಮವಾರಪೇಟೆಯಲ್ಲಿ ಕೋಲು ಜಾರಿತು ಸಫ್ರೀನಾಳದು.
ಎಡತುದಿಯ ಡ್ರಮ್, ಎಂಟನೇ ತರಗತಿ.
ಬಗ್ಗಲಿಲ್ಲ ಅವಳು. ಉಳಿದ ಒಂದು ಕೋಲಿಗೆ
ಎರಡು ಕೈಯ ಕೆಲಸ ಕೊಟ್ಟಳು.
ಹಿಂದಿನವಳು ದಾಟಿದಳು, ಅವಳ ಹಿಂದಿನವಳು ದಾಟಿದಳು,
ಮಲಗಿದ ನಾಯಿಯನ್ನು ಎಬ್ಬಿಸದೆ ದಾಟುವಂತೆ
ಇಡೀ ಸಾಲು ಆ ಕೋಲನ್ನು ದಾಟಿತು.
ತೀರ್ಪುಗಾರ ಏನೋ ಬರೆದುಕೊಂಡ. ನಾನೂ ಬರೆದುಕೊಂಡೆ.
ಅವನದು ಕಳೆಯುವ ಲೆಕ್ಕ.

ವಿರಾಜಪೇಟೆಯಲ್ಲಿ ಯಾವಾಗಲೂ ಗೆಲ್ಲುವವರೇ ಗೆದ್ದರು.
ಹೊಳೆಯುವ ಹಿತ್ತಾಳೆ, ಒಂದೂ ತಪ್ಪಿಲ್ಲ.
ಬಸ್ಸು ಹತ್ತುವಷ್ಟರಲ್ಲಿ ಒಂದೂ ನೆನಪಿಲ್ಲ.
ಪಕ್ಕದಲ್ಲಿ ಕಡಲೆ ಸುಲಿಯುತ್ತಿದ್ದ ಹೆಂಗಸು ಕೇಳಿದಳು:
ಅಕ್ಕಾ, ಇದರಲ್ಲಿ ನಿಮ್ಮ ಮಗು ಯಾವುದು?
ಎಡತುದಿಯದು, ಅಂದುಬಿಟ್ಟೆ.
ಸುಳ್ಳು ಹೇಳಿದ ನಾಲಿಗೆಗೆ ಕಡಲೆ ಸಿಹಿಯಾಗಿತ್ತು.

ಕೊನೆಯದು ಮಡಿಕೇರಿ.
ನಮ್ಮವರು ಮೈದಾನಕ್ಕೆ ಇಳಿದು ಎರಡು ನಿಮಿಷ.
ಕೆಳಗಿನ ಕಣಿವೆಯಿಂದ ಮಂಜು ಎದ್ದು
ಟಿಕೆಟ್ ಇಲ್ಲದೆ ಒಳಗೆ ಬಂತು.
ಮೊದಲು ಗರಿಗಳು ಹೋದವು, ಆಮೇಲೆ ಟೋಪಿ,
ಮುತ್ತನ ಡ್ರಮ್ಮು, ಅದರ ಕಾಲು.
ಸೀಟಿ ಊದಿದರು, ನಿಲ್ಲಿಸಿ ಎಂದು.
ಸದ್ದಿನ ಒಳಗಿರುವವರಿಗೆ ಸೀಟಿ ಕೇಳುತ್ತದೆಯೇ?
ಇಡೀ ಬಯಲು ಬೆಳ್ಳಗೆ, ಬರೀ ಪೆಟ್ಟು.
ಬೆಳ್ಯಪ್ಪ ಸಿಗರೇಟು ಹಚ್ಚಲು ಮರೆತು
ಕಡ್ಡಿ ಬೆರಳು ಸುಡುವ ತನಕ ಹಿಡಿದಿದ್ದ.
ನನಗೆ ಕಣ್ಣು ಬೇಡವಾಗಿತ್ತು: ಅಗೋ ಸಫ್ರೀನಾ,
ಒಂದು ಕೂದಲೆಳೆ ತಡವಾಗಿ, ಯಾವತ್ತಿನ ಹಾಗೆ.

ಮಂಜು ಸರಿದಾಗ ಸಾಲು ಸಾಲಾಗಿರಲಿಲ್ಲ.
ತುತ್ತೂರಿಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು.
ಎಡತುದಿ ಎಲ್ಲರಿಂದ ಐವತ್ತು ಹೆಜ್ಜೆ ದೂರ,
ಹಾಕಿ ಗೋಲಿನ ಬಲೆಯೆದುರು ಒಬ್ಬಳೇ ನಿಂತು
ಬಲೆಗೆ ಡ್ರಮ್ ಬಾರಿಸುತ್ತಿದ್ದಳು, ತಾಳ ಬಿಡದೆ.
ಜನ ನಕ್ಕರು. ನಾನೂ ನಕ್ಕೆ, ಮೂಗು ಒರೆಸಿಕೊಂಡು.

ಅರ್ಧ ಅಂಕದಿಂದ ಮೂರನೇ ಸ್ಥಾನ ಹೋಯಿತು.

ಸೋಮವಾರ ಸ್ಪರ್ಧಾ ಸಮಿತಿಗೆ ಪತ್ರ ಬರೆದೆ:
ಮಾನ್ಯರೇ, ಮಂಜಿಗೆ ಎಷ್ಟು ಅಂಕ ಕಳೆದಿರಿ?
ಕೆಳಗೆ ಸಹಿ, ಪಿನ್‌ಕೋಡ್. ಸ್ವಂತ ದುಡ್ಡಿನ ಸ್ಟಾಂಪು.
ಅಂದಿನ ಕಟ್ಟಿನ ನಡುವೆ ಅದನ್ನೂ ಸೇರಿಸಿ
ಮೊಹರು ಹೊಡೆಯಲು ಕೂತೆ: ಶಾಯಿ, ಕಾಗದ, ಶಾಯಿ, ಕಾಗದ.
ಪೋಸ್ಟ್‌ಮಾಸ್ತರ್ ಕುಶಾಲಪ್ಪ ಕನ್ನಡಕದ ಮೇಲಿಂದ ನೋಡಿ
ಏನಮ್ಮಾ, ಕೈ ಯಾಕೆ ತಡವರಿಸುತ್ತಿದೆ, ಎಂದರು.
ತಡವರಿಸುತ್ತಿಲ್ಲ ಸಾರ್.
ಅದು ಅಲ್ಲೇ ಬೀಳಬೇಕು.