ಬೆಂಕಿ ಕಾಣದ ಒಲೆಗೆ

ಇಂಜಿನಿಯರ್ ಹುಡುಗ ಫೋಟೊ ತಂದಿದ್ದ, ಫೋನಿನೊಳಗೆ.
ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸಿದ:
ಒಂದು ಕೆದಕುಗೋಲು, ಒಂದು ಇಕ್ಕಳ, ಬೂದಿ ಎತ್ತುವ ಸಲಿಕೆ,
ಗಿಡ್ಡ ಹಿಡಿಯ ಕುಂಚ, ನಾಲ್ಕನ್ನೂ ತೂಗುಹಾಕುವ ಕಂಬ.
"ಸಾಹುಕಾರರ ಹೊಸ ಬಂಗಲೇಕ. ಹಾಲಿನ ಗೋಡ್ಯಾಗ
ಒಲಿ ಕಟ್ಟಿಸ್ಯಾರ. ಚಳಿ ಕಾಸಾಕ."

ಏಪ್ರಿಲ್ ತಿಂಗಳು. ಕೌಲ್ ಬಜಾರಿನ ಡಾಂಬರು
ಮೆಟ್ಟಿದ ಚಪ್ಪಲಿಯನ್ನು ಬಿಡುತ್ತಿರಲಿಲ್ಲ.
ಬ್ರಮ್ಮಯ್ಯ ನನ್ನ ಮುಖ ನೋಡಿದ, ನಾನು ಅವನ ಮುಖ.
ಇಬ್ಬರೂ ನಗಲಿಲ್ಲ;
ಅಡ್ವಾನ್ಸು ಇನ್ನೂ ಕೈಗೆ ಬಂದಿರಲಿಲ್ಲ.

ಗುಜರಿಯಲ್ಲಿ ಸಿಕ್ಕಿತು ಅದಿರು ಲಾರಿಯ ಕಮಾನು ಪಟ್ಟಿ.
ಸಂಡೂರಿನ ಗುಡ್ಡದಿಂದ ಗುಡ್ಡವನ್ನೇ ಹೊತ್ತು
ಇಳಿದೂ ಇಳಿದೂ ಬೆನ್ನು ಮುರಿದದ್ದು.
ಸಂದಿಯಲ್ಲಿ ಇನ್ನೂ ಕೆಂಧೂಳು.
ತೂಗಿ ಕೊಟ್ಟ ಮೆಹಬೂಬ,
ಧೂಳಿಗೂ ಸೇರಿಸಿ ದುಡ್ಡು ತಗೊಂಡ.

ಹಿಡಿಯುವವನು ಅವನು, ಹೊಡೆಯುವವಳು ನಾನು.
ಅವನ ಸಣ್ಣ ಸುತ್ತಿಗೆ ಎಲ್ಲಿ ಟಿಣ್ ಅನ್ನುತ್ತದೋ
ಅಲ್ಲೇ ನನ್ನ ಸಮ್ಮಟಿಗೆ ಧಿಮ್ ಅನ್ನಬೇಕು.
ಇಪ್ಪತ್ತಾರು ವರ್ಷ, ಒಂದು ಏಟೂ ತಪ್ಪಿಲ್ಲ.
ಜಗಳವಾಡಿದ ದಿನ ಕೆಲಸ ಬೇಗ ಮುಗಿಯುತ್ತದೆ, ಅಷ್ಟೆ.

ಮೊದಲು ಹುಣಸೆಹಣ್ಣಿನ ಬಣ್ಣ,
ಆಮೇಲೆ ಒಣಮೆಣಸಿನಕಾಯಿ,
ಆಮೇಲೆ ಮುತ್ತುಗದ ಹೂವು. "ಹಾಂ, ಈಗ" ಅಂದ.
ಹಿಡಿಕೆಗೆ ಹುರಿ ಬೇಕಂತೆ, ಫೋಟೊದಲ್ಲಿ ಇದ್ದ ಹಾಗೆ.
ಕಾದ ಸರಳನ್ನು ಎರಡು ಕಡೆ ಕಚ್ಚಿ ಹಿಡಿದು
ಒದ್ದೆ ಸೀರೆ ಹಿಂಡಿದ ಹಾಗೆ ಹಿಂಡಿದ.
"ಒಂದು ದಿನಾನಾದ್ರೂ ನನ್ನ ಸೀರೆ ಹಿಂಡಿದ್ರ
ಇನ್ನೂ ಚೆಂದ ಬರ್ತಿತ್ತು" ಅಂದೆ.
ಅಡಿಗಲ್ಲಿನ ಮೇಲೆ ನಕ್ಕ ಬೆವರು
ಚುಂಯ್ ಎಂದು ಹಾರಿಹೋಯಿತು.

ಒಯ್ದು ಕೊಟ್ಟೆವು. ಬಿಳಿ ಕಲ್ಲಿನ ಒಲೆ,
ಒಳಗೆ ಪಾಲಿಶ್ ಹೊಡೆದ ಮೂರು ಸೌದೆ,
ಮೇಲೆ ಗೋಡೆಯಲ್ಲಿ ಏಸಿ.
ಬ್ರಮ್ಮಯ್ಯ ತಲೆ ಒಳಗಿಟ್ಟು ಮೇಲೆ ನೋಡಿದ,
ಹೊಗೆ ಹೋಗುವ ದಾರಿ ಹುಡುಕುತ್ತ.
ದಾರಿ ಇರಲಿಲ್ಲ.

ಎರಡನೆಯ ಸಂಕ್ರಾಂತಿಯ ಹೊತ್ತಿಗೆ ಫೋನು ಬಂತು:
"ತುಕ್ಕು ಹಿಡಿದೈತಿ. ಎಂಥಾ ಮಾಲು ಕೊಟ್ಟೀರಿ?"
ಹೋದಾಗ ಕತ್ತಲಾಗಿತ್ತು.
ಇಕ್ಕಳದ ಕೀಲು ಬಿಗಿದು ಬಾಯೇ ತೆರೆಯದು,
ಸಲಿಕೆಯ ತುಂಬ ಕೆಂಪು ಕಜ್ಜಿ,
ಕಂಬದ ಬುಡಕ್ಕೆ ನೆಲ ಒರೆಸಿದ ನೀರು.
ಕೆದಕುಗೋಲಿಗೆ ಮಾತ್ರ ಏನೂ ಆಗಿಲ್ಲ.
ತುದಿಯಿಂದ ಒಂದು ಮೊಳ ಕಪ್ಪು,
ದೋಸೆ ಕಾವಲಿಯ ಹಾಗೆ ಮಿರಮಿರ.

ಬ್ರಮ್ಮಯ್ಯ ಮೂಸಿ ನೋಡಿದ. ಜಾಲಿ ಸೌದೆ.

ಗೇಟಿನ ಹುಸೇನಪ್ಪ ಮಫ್ಲರು ಬಿಚ್ಚಿ ಕಟ್ಟಿ
ಬಿಚ್ಚಿ ಕಟ್ಟಿ, ಕೊನೆಗೆ ಬಾಯಿಬಿಟ್ಟ:
"ಅವರು ಮಲಗಿದ ಮ್ಯಾಲ ಒಯ್ತೀನ್ರಿ,
ಏಳೂದ್ರಾಗ ಒರಸಿ ಇಡ್ತೀನಿ.
ಹೊರಗ ಭಾಳ ತಂಡಿ ಬೀಳ್ತದ. ಹೇಳಬ್ಯಾಡ್ರಿ."

ಗೇಟಿನ ಮಗ್ಗುಲಲ್ಲಿ ಎಣ್ಣೆ ಡಬ್ಬ ಕೊರೆದು ಮಾಡಿದ ಒಲೆ.
ಮೂರು ಜನ ಕೂತೆವು. ಮೂರು ಸಾಮಾನಿಗೆ
ಎಣ್ಣೆ ಹಚ್ಚುತ್ತ ಬ್ರಮ್ಮಯ್ಯ ತುಕ್ಕನ್ನು ಬೈದ, ಫೋಟೊವನ್ನು ಬೈದ.
ನಾಲ್ಕನೆಯದನ್ನು ಉಜ್ಜಲಿಲ್ಲ.
ಕೆಂಡದೊಳಗಿಟ್ಟು ಒಮ್ಮೆ ಕೆದಕಿ,
ಗೇಣು ಹಾಕಿ ಅಳೆದು ಗೊಣಗಿದ:
"ಈ ಡಬ್ಬಕ್ಕ ಇನ್ನೊಂದು ಗೇಣು ಬೇಕಿತ್ತಲ್ಲೋ.
ಮೊದಲs ಹೇಳಬಾರದಿತ್ತ?"

ಕಿಡಿ ಎದ್ದು ಬೆಳಕಾದಾಗ ಕಂಡಿತು,
ಹುರಿಯ ಕೆಳಗೆ ಅಡ್ಡಬಿದ್ದ ಏಟೊಂದು.
ನನ್ನದೇ.
ಬೆರಳಿಟ್ಟು ಮುಚ್ಚಿದೆ. ಬೆಚ್ಚಗಿತ್ತು.